ಮಿಡಿ ಉಪ್ಪಿನಕಾಯಿ ಬಾಟಲಿಗೆ ಕ್ಯೂಆರ್ ಕೋಡ್: ಕೆಲಸ ಎಲ್ಲಿಗೆ ಬಂತು

ಚಿಕ್ಕಮ್ಮನ ಮಿಡಿ ಉಪ್ಪಿನಕಾಯಿಗೆ ಹೊಸ ಲೇಬಲ್ ಪ್ರೆಸ್‌ನಿಂದ ಬಂತು. ಕೆಳಗಿನ ಮೂಲೆಯಲ್ಲಿ ಎರಡು ಸೆಂಟಿಮೀಟರ್ ಅಗಲದ ಕ್ಯೂಆರ್ ಕೋಡ್ ಇದೆ. ಸಾಗರದ ಕಡೆಯ ಅಪ್ಪೆಮಿಡಿ, ಮನೆಯಲ್ಲೇ ಹಾಕಿದ್ದು. ಬೆಂಗಳೂರಿನ ಕೆಲವು ಅಂಗಡಿಗಳಿಗೂ ಹೋಗುತ್ತೆ. ಇಷ್ಟು ಸಣ್ಣ ವ್ಯಾಪಾರಕ್ಕೆ ಜಾಹೀರಾತು ಅಂದರೆ ಬಾಟಲಿಯ ಮೈ ಒಂದೇ. ಅಲ್ಲಿ ಜಾಗ ಕಮ್ಮಿ, ಹೇಳೋದು ಜಾಸ್ತಿ.

ಕೋಡ್ ಮಾಡೋದಕ್ಕೆ ಎರಡು ನಿಮಿಷ ಸಾಕು. ಸ್ಕ್ಯಾನ್ ಮಾಡಿದವರಿಗೆ ಏನು ಸಿಗಬೇಕು ಅನ್ನೋದಕ್ಕೆ ಹೆಚ್ಚು ತಲೆ ಓಡಿಸಬೇಕಾಯಿತು. ಎಷ್ಟೋ ಪ್ಯಾಕೆಟ್‌ಗಳ ಕೋಡ್ ಸೀದಾ ಕಂಪನಿಯ ಮುಖಪುಟಕ್ಕೆ ಒಯ್ದು ಬಿಡುತ್ತೆ. ಒಂದು ಸಲ ಹಾಗಾದರೆ ಮತ್ತೆ ಯಾರೂ ಸ್ಕ್ಯಾನ್ ಮಾಡಲ್ಲ. ನಾನು ಚಿಕ್ಕಮ್ಮನಿಗೆ ಬರುವ ಫೋನ್‌ಗಳನ್ನೇ ಹಿಡಿದುಕೊಂಡೆ. "ಮೇಲೆ ನೀರು ನಿಂತಿದೆ, ಕೆಟ್ಟಿದೆಯಾ?" "ತೊಟ್ಟು ಯಾಕೆ ಹಾಗೇ ಬಿಟ್ಟಿದ್ದೀರಿ?" ಇಂಥವೇ ಹೆಚ್ಚು. ತೊಟ್ಟು ಮುರಿದರೆ ಸೊನೆ ಸೋರಿ ಹೋಗುತ್ತೆ, ಪರಿಮಳ ಇರೋದೇ ಆ ಸೊನೆಯಲ್ಲಿ. ಮಿಡಿ ಯಾವಾಗಲೂ ರಸದಲ್ಲಿ ಮುಳುಗಿರಬೇಕು, ಒದ್ದೆ ಚಮಚ ಹಾಕಬಾರದು. ಪುಟದಲ್ಲಿ ಮೊದಲು ಬರೋದು ಇದೇ. ಬೆಲೆ, ಆರ್ಡರ್ ಎಲ್ಲ ಕೆಳಗೆ. ಕೊಂಡವರು ಕೊನೆಯ ಮಿಡಿಯವರೆಗೂ ಚೆನ್ನಾಗಿ ತಿಂದರೆ ತಾನೇ ಇನ್ನೊಂದು ಬಾಟಲಿ ಕೇಳೋದು?

ಇನ್ನು ಲಿಂಕ್ ವಿಚಾರ. ಕನ್ನಡದಲ್ಲಿ ಬರೆಯೋರು ಇದನ್ನು ಗಮನಿಸಬೇಕು. ವಿಳಾಸದ ಕೊನೆಗೆ 'ಅಪ್ಪೆಮಿಡಿ' ಅಂತ ಕನ್ನಡದಲ್ಲೇ ಇಟ್ಟರೆ ಎಷ್ಟು ಚಂದ ಅಲ್ವಾ? ಆದರೆ ಆ ಪದವನ್ನು ಕಂಪ್ಯೂಟರ್ 9 ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿ) ಚಿಹ್ನೆಗಳಾಗಿ ಬಿಡಿಸಿಕೊಳ್ಳುತ್ತೆ. ಒಂದೊಂದಕ್ಕೂ 3 ಬೈಟ್, ಅಂದರೆ 27 ಬೈಟ್. ವೆಬ್ ವಿಳಾಸದೊಳಗೆ ಒಂದು ಬೈಟ್ ಶೇಕಡಾ ಗುರುತಿನ (%) ಜೊತೆ 3 ಅಕ್ಷರ ಆಗುತ್ತೆ. ಕೊನೆಗೆ ಆ ಒಂದೇ ಪದಕ್ಕೆ 81 ಅಕ್ಷರ! ಅಕ್ಷರ ಹೆಚ್ಚಾದಷ್ಟೂ ಕೋಡ್‌ಗೆ ಹೆಚ್ಚು ಚೌಕ ಬೇಕು. ಪೂರ್ತಿ ವಿಳಾಸ ಹಾಕಿದಾಗ ಕೋಡ್ 41 ಸಾಲು, 41 ಕಂಬಸಾಲಿಗೆ ಬೆಳೆಯಿತು. ಎರಡು ಸೆಂಟಿಮೀಟರಿನಲ್ಲಿ ಚೌಕಗಳು ತೀರಾ ಸಣ್ಣ. ಅದಕ್ಕೆ ಚಿಕ್ಕ ವಿಳಾಸ ಮಾಡಿಕೊಂಡೆ, ಕೋಡ್ 29ಕ್ಕೆ ಇಳಿಯಿತು. ಕನ್ನಡ ಪುಟದ ಒಳಗೆ ಧಾರಾಳವಾಗಿದೆ.

ಬಾಟಲಿಗೆ ರಸ, ಎಣ್ಣೆ ಸೋಕದೆ ಇರಲ್ಲ. ಕ್ಯೂಆರ್ ಕೋಡ್ ಇದಕ್ಕೆ ಹೇಳಿ ಮಾಡಿಸಿದ್ದು. 1994ರಲ್ಲಿ ಜಪಾನಿನ ಡೆನ್ಸೋ ವೇವ್‌ನಲ್ಲಿ ಮಾಸಾಹಿರೋ ಹರಾ ಮತ್ತು ಅವರ ತಂಡ ಇದನ್ನು ಮಾಡಿದ್ದೇ ಕಾರಿನ ಬಿಡಿಭಾಗಗಳ ಲೆಕ್ಕ ಇಡೋದಕ್ಕೆ. ಕಾರ್ಖಾನೆಯ ಕೊಳೆಯಲ್ಲೂ ಓದಬೇಕಿತ್ತು. ಹಾಳಾದ ಭಾಗವನ್ನು ಸರಿಮಾಡಿಕೊಳ್ಳುವ ನಾಲ್ಕು ಮಟ್ಟಗಳಿವೆ: ಸುಮಾರು ಶೇ. 7, 15, 25, 30. ನಾನು ಶೇ. 25ರದ್ದು ಆರಿಸಿದೆ. ಮೆಣಸಿನ ರಸ ಸವರಿ ನೋಡಿದರೂ ಫೋನ್ ಓದಿತು. ಸುತ್ತ ನಾಲ್ಕು ಚೌಕದಷ್ಟು ಬಿಳಿ ಜಾಗ ಬಿಡಲೇಬೇಕು. ಪ್ರೆಸ್‌ನವರು ಅಲ್ಲಿಗೆ ಮಾವಿನೆಲೆಯ ಬಾರ್ಡರ್ ತಂದಿದ್ದರು, ಹಿಂದೆ ಸರಿಸಿದೆವು. ಲ್ಯಾಮಿನೇಷನ್ ಮ್ಯಾಟ್. ಹೊಳಪಿನದ್ದಾದರೆ ಟ್ಯೂಬ್‌ಲೈಟ್ ಬೆಳಕು ಕೋಡ್ ಮೇಲೆ ಬಂದು ಕೂರುತ್ತೆ.

ಮೇಳದ ಮಳಿಗೆಯಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ನಮ್ಮಲ್ಲಿ ಕ್ಯೂಆರ್ ಅಂದರೆ ಜನರಿಗೆ ದುಡ್ಡು ಕಟ್ಟುವ ಕೋಡ್. ಯುಪಿಐ 2016ರಲ್ಲಿ ಬಂದ ಮೇಲೆ ಸೊಪ್ಪಿನ ಗಾಡಿಯವರೆಗೂ ಅದೇ ಅಭ್ಯಾಸ. ಬಾಟಲಿ ಎತ್ತಿದವರು ಪಾವತಿ ಆಪ್‌ನಿಂದಲೇ ಸ್ಕ್ಯಾನ್ ಮಾಡಿ, "ಇದು ಆಗ್ತಿಲ್ಲ ನೋಡ್ರೀ" ಅಂದರು. ಈಗ ಕೋಡ್ ಪಕ್ಕದಲ್ಲಿ ಬರೆಸಿದ್ದೀನಿ: "ಫೋನ್ ಕ್ಯಾಮೆರಾ ಹಿಡಿಯಿರಿ – ಉಪ್ಪಿನಕಾಯಿ ಕೆಡದಂತೆ ಇಡೋದು ಹೇಗೆ?" ಬರೀ "ಸ್ಕ್ಯಾನ್ ಮಾಡಿ" ಅಂತ ಬರೆದರೆ ಯಾಕೆ ಮಾಡಬೇಕು ಅಂತ ಯಾರಿಗೂ ಗೊತ್ತಾಗಲ್ಲ. ಕೆಳಗೆ ವಿಳಾಸವನ್ನೂ ಅಕ್ಷರದಲ್ಲಿ ಹಾಕಿಸಿದೆ. ಅಸಲಿ ಕೋಡ್ ಮೇಲೆ ಬೇರೆಯವರು ಸ್ಟಿಕ್ಕರ್ ಅಂಟಿಸುವ ಕಾಲ ಇದು. ತೆರೆದ ಪುಟ ನಮ್ಮದೇ ಹೌದಾ ಅಂತ ಕೊಂಡವರು ತಾಳೆ ನೋಡಬಹುದು.

ತೆರೆಯುವ ಪುಟವನ್ನು ಆಮೇಲೂ ಬದಲಾಯಿಸಬಹುದಾದ ಡೈನಾಮಿಕ್ ಕೋಡ್ ಕೊಡುವ ಸೇವೆಗಳು ಬೇಕಾದಷ್ಟಿವೆ. ಸ್ಕ್ಯಾನ್ ಎಷ್ಟಾಯಿತು ಅಂತಲೂ ತೋರಿಸುತ್ತವೆ. ಆದರೆ ಕೋಡ್ ಒಳಗಿರೋದು ಅವರ ವಿಳಾಸ. ಚಂದಾ ನಿಲ್ಲಿಸಿದರೆ ಅಂಗಡಿಯ ಶೆಲ್ಫಿನಲ್ಲಿರುವ ಬಾಟಲಿಗಳ ಕೋಡೂ ನಿಲ್ಲಬಹುದು. ಅದಕ್ಕೇ ಸ್ವಂತ ಡೊಮೇನ್ (ನಮ್ಮದೇ ಹೆಸರಿನ ವೆಬ್ ವಿಳಾಸ) ತಗೊಂಡು ಅಲ್ಲಿಂದಲೇ ಪುಟಕ್ಕೆ ದಾರಿ ಮಾಡಿದೆ. ಪ್ರತಿ ಹಂಗಾಮಿಗೆ ಪುಟ ಬದಲಾಗುತ್ತೆ, ಲೇಬಲ್ ಹಾಗೇ ಇರುತ್ತೆ. ಸಣ್ಣ ವ್ಯಾಪಾರ ಮಾಡೋ ಎಲ್ಲರಿಗೂ ಇದೊಂದನ್ನು ಒತ್ತಿ ಹೇಳ್ತೀನಿ.

ಮುಂದಿನ ದಿನಗಳ ಬಗ್ಗೆ ನನಗೆ ನಿಜಕ್ಕೂ ಹುಮ್ಮಸ್ಸಿದೆ. ಗೆರೆ ಗೆರೆಯ ಬಾರ್‌ಕೋಡ್ ಅಂಗಡಿ ಕೌಂಟರಿನಲ್ಲಿ ಮೊದಲು ಸ್ಕ್ಯಾನ್ ಆಗಿದ್ದು 1974ರ ಜೂನ್ 26ರಂದು, ಅಮೆರಿಕದ ಓಹಾಯೋದಲ್ಲಿ, ಚ್ಯೂಯಿಂಗ್ ಗಮ್ ಪ್ಯಾಕೆಟ್ಟಿನ ಮೇಲೆ. ನಮ್ಮ ಅಂಗಡಿಗಳಲ್ಲಿ ನೋಡುವ ಆ ಗೆರೆಗಳಲ್ಲಿ ಹಿಡಿಯೋದು 13 ಅಂಕಿಯ ಒಂದು ಸಂಖ್ಯೆ ಅಷ್ಟೇ. ಬಾರ್‌ಕೋಡ್ ನಿಯಮ ಮಾಡುವ ಜಿಎಸ್1 ಸಂಸ್ಥೆ, 2027ರ ಕೊನೆಯೊಳಗೆ ಅಂಗಡಿ ಕೌಂಟರುಗಳು ಕ್ಯೂಆರ್‌ನಂಥ ಕೋಡ್‌ಗಳನ್ನೂ ಓದುವಂತಾಗಬೇಕು ಅಂತ ಗುರಿ ಇಟ್ಟುಕೊಂಡಿದೆ. ಆಗ ಬಿಲ್ಲಿಗೂ ಗ್ರಾಹಕರಿಗೂ ಒಂದೇ ಕೋಡ್ ಸಾಕು. ಬ್ಯಾಚ್ ಸಂಖ್ಯೆ, ಕೊನೆಯ ದಿನಾಂಕ ಎರಡೂ ಅದರೊಳಗೇ ಇರಬಹುದು. ನಮ್ಮ ದೇಶದಲ್ಲಿ 300 ಔಷಧಿ ಬ್ರ್ಯಾಂಡ್‌ಗಳಿಗೆ 2023ರ ಆಗಸ್ಟ್‌ನಿಂದ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಔಷಧಿಗೆ ಬಂದದ್ದು ಊಟದ ಸಾಮಾನಿಗೂ ಬರಲಿ ಅನ್ನೋದು ನನ್ನ ಆಸೆ.

ಈ ಹಂಗಾಮಿಗೆ ಉಳಿದಿರೋದು ಎರಡು ಕೆಲಸ. ಬ್ಯಾಚ್‌ಗೊಂದು ಪುಟ ಮಾಡಿ, ಮಿಡಿ ಯಾವ ಹೊಳೆಸಾಲಿನ ಮರದ್ದು, ಉಪ್ಪಿಗೆ ಹಾಕಿದ್ದು ಯಾವಾಗ ಅಂತ ಬರೆಯಬೇಕು. ಆಮೇಲೆ ಅದನ್ನು ಚಿಕ್ಕಮ್ಮನ ದನಿಯಲ್ಲೇ ರೆಕಾರ್ಡ್ ಮಾಡಬೇಕು. ಕನ್ನಡಕ ಹುಡುಕುವ ವಯಸ್ಸಿನವರೂ ನಮ್ಮ ಗ್ರಾಹಕರಲ್ಲಿ ತುಂಬಾ ಜನ ಇದ್ದಾರೆ. ಚಿಕ್ಕಮ್ಮ ಒಪ್ಪಿದ್ದಾರೆ. "ಮಿಡಿ ಕೊಯ್ಲು ಮುಗೀಲಿ, ಆಮೇಲೆ ಮಾತಾಡ್ತೀನಿ" ಅಂದಿದ್ದಾರೆ.