ಕಿರ್ಗಿಸ್ತಾನ: ಕರ್ನಾಟಕದಷ್ಟು ನೆಲ, ಎಲ್ಲಿ ನೋಡಿದರೂ ಬೆಟ್ಟ

ಮಧ್ಯ ಏಷ್ಯಾದ ಕಿರ್ಗಿಸ್ತಾನ ನಮ್ಮ ಕರ್ನಾಟಕಕ್ಕಿಂತ ಒಂಚೂರು ದೊಡ್ಡದು. ಸುಮಾರು 2 ಲಕ್ಷ ಚದರ ಕಿಲೋಮೀಟರ್. ಜನ ಮಾತ್ರ 70 ಲಕ್ಷ ಚಿಲ್ಲರೆ, ಬೆಂಗಳೂರಿಗಿಂತ ಕಡಿಮೆ. ಮಿಕ್ಕಿದ್ದೆಲ್ಲ ತಿಯಾನ್ ಶಾನ್ ಪರ್ವತಗಳ ಪಾಲು. ಹಾಗಾಗಿ ಅಲ್ಲಿ ಮ್ಯಾಪ್ ನೋಡಿ ದೂರ ಲೆಕ್ಕ ಹಾಕಬೇಡಿ. ರಾಜಧಾನಿ ಬಿಷ್ಕೆಕ್‌ನಿಂದ ದಕ್ಷಿಣದ ಓಶ್‌ಗೆ 600 ಚಿಲ್ಲರೆ ಕಿಲೋಮೀಟರ್ ಅಷ್ಟೇ. ಆದರೆ ಮಧ್ಯೆ 3,000 ಮೀಟರ್ ಮೀರಿದ ಎರಡು ಘಾಟಿ ದಾಟಬೇಕು. ಇಡೀ ದಿನ ಅದಕ್ಕೇ ಹೋಗುತ್ತದೆ.

ಬಿಷ್ಕೆಕ್‌ನಲ್ಲಿ ಜಾಸ್ತಿ ದಿನ ಉಳಿಯುವುದು ಬೇಡ. ಸಾಲುಮರದ ಅಗಲ ರಸ್ತೆಗಳು, ಸೋವಿಯತ್ ಕಾಲದ ಕಟ್ಟಡಗಳು ಚೆನ್ನಾಗಿವೆ, ನಿಜ. ಮೆಡಿಕಲ್ ಓದಲು ಬಂದ ಭಾರತದ ಹುಡುಗರು ತುಂಬಾ ಇರುವುದರಿಂದ ಅನ್ನ, ದಾಲ್ ಕೂಡ ಸಿಗುತ್ತದೆ. ಬಿಷ್ಕೆಕ್‌ನಲ್ಲೇ ಇರುವ ಓಶ್ ಬಜಾರ್ ಒಂದು ಸುತ್ತು ಹಾಕಿ ಮಾರ್ಷ್ರುತ್ಕಾ ಹತ್ತಿಬಿಡಿ. ಅದು ನಮ್ಮ ಮ್ಯಾಕ್ಸಿಕ್ಯಾಬ್ ಥರದ ವ್ಯಾನು. ಸೀಟು ತುಂಬದೆ ಊರು ಬಿಡುವುದಿಲ್ಲ. ನಾವು ಹೋಗಿದ್ದು ಕೊಚ್ಕೋರ್ ದಾರಿಯಾಗಿ ಸೊಂಗ್‌ಕುಲ್ ಸರೋವರಕ್ಕೆ.

3,016 ಮೀಟರ್ ಎತ್ತರ. ಅಂದರೆ ಮುಳ್ಳಯ್ಯನಗಿರಿಯ ತುದಿಗಿಂತ ಸಾವಿರ ಮೀಟರ್ ಮೇಲೆ! ಸುತ್ತ ಒಂದು ಮರವಿಲ್ಲ, ಬರೀ ಹುಲ್ಲು, ಕುದುರೆ, ಕುರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುರುಬರು ಇಲ್ಲಿ ಯರ್ಟ್ ಅನ್ನುವ ದುಂಡನೆಯ ಗುಡಾರ ಹಾಕಿಕೊಂಡು ಇರುತ್ತಾರೆ. ಮರದ ಚೌಕಟ್ಟು, ಮೇಲೆ ಉಣ್ಣೆಯ ದಪ್ಪ ಹೊದಿಕೆ. ನೆತ್ತಿಯಲ್ಲಿ ದುಂಡನೆಯ ಕಿಂಡಿ, ಅದಕ್ಕೆ ತುಂಡುಕ್ ಅಂತಾರೆ; ದೇಶದ ಬಾವುಟದ ನಡುವೆ ಇರುವುದೂ ಅದೇ. ಜುಲೈ ರಾತ್ರಿಯಲ್ಲೂ ಹಲ್ಲು ಕಟಕಟ. ಮನೆಯೊಡತಿ ತಗಡಿನ ಒಲೆಗೆ ಹಾಕಿದ್ದು ಏನು ಗೊತ್ತಾ? ಬೆರಣಿ! ಸೌದೆ ಇಲ್ಲದ ಕಡೆ ಇನ್ನೇನು ಮಾಡ್ತಾರೆ, ಅಲ್ವಾ? ಹತ್ತು ನಿಮಿಷದಲ್ಲಿ ಸ್ವೆಟರ್ ತೆಗೆಯುವಷ್ಟು ಸೆಕೆ.

ಆಕೆ ಬಟ್ಟಲಲ್ಲಿ ಕೊಟ್ಟ ಕುಮಿಸ್ ಹುದುಗಿಸಿದ ಕುದುರೆ ಹಾಲು. ಹುಳಿ ಮಜ್ಜಿಗೆಗೆ ಸೋಡಾ ಬೆರೆಸಿ ಹೊಗೆ ಹಿಡಿಸಿದ ಹಾಗಿತ್ತು. ಸ್ವಲ್ಪ ಅಮಲೂ ಇರುತ್ತದೆ, ಖಾಲಿ ಹೊಟ್ಟೆಗೆ ಬೇಡ. ಸಸ್ಯಾಹಾರಿಗಳಿಗೆ ಹಳ್ಳಿಗಳಲ್ಲಿ ಕಷ್ಟ. ಮಾಂಸ ಬೇಡ ಅಂದರೆ ತುಂಡು ತೆಗೆದು ಅದೇ ಸಾರು ಕೊಡುತ್ತಾರೆ! ಬ್ರೆಡ್ಡು, ಕೆನೆ, ಜಾಮ್ ಮಾತ್ರ ಧಾರಾಳ. ಚಟ್ನಿಪುಡಿ ಒಯ್ಯಿರಿ.

ಖರ್ಚಿನ ಲೆಕ್ಕ ಸುಲಭ. ಅಲ್ಲಿನ ಸೋಮ್ ಹೆಚ್ಚುಕಡಿಮೆ ನಮ್ಮ ರೂಪಾಯಿಗೆ ಸಮ. ಬೆಟ್ಟದ ಕಡೆ ಕಾರ್ಡ್ ನಡೆಯುವುದಿಲ್ಲ, ನೋಟು ಇಟ್ಟುಕೊಳ್ಳಿ.

ಚಳಿ ಸಾಕೆನಿಸಿದರೆ ಇಸ್ಸಿಕ್‌ಕುಲ್ ಸರೋವರದ ಕಡೆ ಇಳಿಯಿರಿ. ಉದ್ದ 180 ಕಿಲೋಮೀಟರ್, ನೀರು ಸ್ವಲ್ಪ ಉಪ್ಪು, ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ಉತ್ತರ ದಡದ ಚೊಲ್ಪೊನ್ ಅತಾದಲ್ಲಿ ಬೇಸಿಗೆಗೆ ರೆಸಾರ್ಟ್ ಗದ್ದಲ ಜೋರು. ನನ್ನನ್ನು ಕೇಳಿದರೆ ದಕ್ಷಿಣ ದಡವೇ ಸರಿ. ಅಲ್ಲಿ ಹೋಟೆಲ್ ಕಡಿಮೆ, ಜಲ್ದಾರು ಹಣ್ಣಿನ ತೋಟ ಜಾಸ್ತಿ.