ಎಟಿವಿ ಕಾರ್ಬೋರೇಟರಿನಿಂದ ಪೆಟ್ರೋಲ್ ಸೋರಿದರೆ ಓವರ್‌ಫ್ಲೋ ಪೈಪನ್ನು ಮುಚ್ಚಬೇಡಿ

ಫೆಬ್ರವರಿ ಬಂತೆಂದರೆ ಸಕಲೇಶಪುರದ ಕಡೆ ರೋಬಸ್ಟಾ ಕಾಫಿ ಬೆಳೆಯುವ ನಮಗೆಲ್ಲ ಸ್ಪ್ರಿಂಕ್ಲರ್ ಕೆಲಸ. ಹೂವಿಗೆ ಹೊತ್ತಿಗೆ ಸರಿಯಾಗಿ ನೀರು ಬೀಳಬೇಕು, ಮಳೆ ಬರಲಿ ಅಂತ ಕೂತರೆ ಆಗುವುದಿಲ್ಲ. ಪೈಪು, ಡೀಸೆಲ್ ಕ್ಯಾನು, ಪಂಪಿನ ಸಾಮಾನು ಎಲ್ಲ ಹೊರುವುದು ನಮ್ಮ ಹಳೆಯ ಎಟಿವಿ. ನಾಲ್ಕು ದಪ್ಪ ಚಕ್ರ, ಬೈಕಿನ ಹ್ಯಾಂಡಲ್ಲು, ಹಿಂದೊಂದು ಕ್ಯಾರಿಯರ್. ಜೀಪು ಇಳಿಯದ ಜಾಗಕ್ಕೂ ಇಳಿಯುತ್ತದೆ. ಮಳೆಗಾಲದಿಂದ ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟುಕೊಂಡು ಶೆಡ್ಡಿನಲ್ಲೇ ನಿಂತಿತ್ತು. ಈ ಸಲ ಹೊರಗೆ ತೆಗೆದ ಮಾರನೇ ದಿನವೇ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಬಂದು, "ಅಣ್ಣ, ಶೆಡ್ಡಲ್ಲಿ ಪೆಟ್ರೋಲ್ ವಾಸನೆ, ಒಳಗೆ ನಿಲ್ಲೋಕಾಗ್ತಿಲ್ಲ" ಅಂದರು.

ಹೋಗಿ ನೋಡಿದರೆ ಎಂಜಿನ್ ಕೆಳಗೆ ಸಿಮೆಂಟಿನ ಮೇಲೆ ತಟ್ಟೆಯಗಲ ಒದ್ದೆ. ಲೈಟ್ ಸ್ವಿಚ್ಚು ಒತ್ತದೆ, ಗಾಡಿಯ ಕೀ ಕೂಡ ತಿರುಗಿಸದೆ, ಪೆಟ್ರೋಲ್ ಕಾಕ್, ಅಂದರೆ ಟ್ಯಾಂಕಿನ ನಲ್ಲಿ, ಬಂದ್ ಮಾಡಿ ಇಬ್ಬರೂ ಸೇರಿ ಕಣಕ್ಕೆ ತಳ್ಳಿದೆವು. ಕೆಲಸದ ಹೊತ್ತು ಅಂತ ನಾನು ಅದನ್ನು ಬಿಚ್ಚಲು ಹೋಗಲಿಲ್ಲ, ಪೇಟೆಯ ಒಂದು ಗ್ಯಾರೇಜಿಗೆ ಕಳಿಸಿದೆ. ಸಂಜೆಯೇ ವಾಪಸ್ ಬಂತು. ಸೋರುವುದು ನಿಂತಿತ್ತು.

ಹತ್ತು ದಿನ ಆದಮೇಲೆ ಸ್ಟಾರ್ಟ್ ಆಗಲು ತಕರಾರು ಶುರುವಾಯಿತು. ಸ್ಟಾರ್ಟ್ ಆದರೂ ಕಪ್ಪು ಹೊಗೆ. ಆಯಿಲ್ ನೋಡುವ ಕಡ್ಡಿ ತೆಗೆದೆ. ಆಯಿಲ್ ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿತ್ತು, ನೀರಿನ ಹಾಗೆ ತೆಳ್ಳಗೆ ಹರಿಯಿತು, ಮೂಗಿಗೆ ಹಿಡಿದರೆ ಪೆಟ್ರೋಲ್. ಎಂಜಿನ್ನಿಗೆ ಪೆಟ್ರೋಲನ್ನು ಗಾಳಿ ಜೊತೆ ಬೆರೆಸಿ ಕೊಡುವ ಕಾರ್ಬೋರೇಟರ್ ಕೆಳಗೆ ಕೈ ಹಾಕಿ ಓವರ್‌ಫ್ಲೋ ಪೈಪನ್ನು ತಡವಿದೆ. ಅದರ ತುದಿಗೆ ಒಂದು ಬೋಲ್ಟು ತುರುಕಿದ್ದರು.

ಇದನ್ನು ಬರೆಯುತ್ತಿರುವುದೇ ಆ ಬೋಲ್ಟಿಗಾಗಿ. ಕಾರ್ಬೋರೇಟರಿನ ಕೆಳಗೆ ಬಟ್ಟಲಿನಂಥ ಒಂದು ಸಣ್ಣ ಕಪ್ಪು ಇರುತ್ತದೆ, ಟ್ಯಾಂಕಿನಿಂದ ಬಂದ ಪೆಟ್ರೋಲ್ ಅಲ್ಲಿ ನಿಲ್ಲುತ್ತದೆ. ಅದರೊಳಗೆ ಫ್ಲೋಟ್ ತೇಲುತ್ತಿರುತ್ತದೆ. ಪೆಟ್ರೋಲ್ ಏರಿದಂತೆ ಫ್ಲೋಟೂ ಏರಿ ಒಂದು ಮೊನಚು ಪಿನ್ನನ್ನು ಮೇಲಕ್ಕೆ ಒತ್ತಿ ದಾರಿ ಮುಚ್ಚುತ್ತದೆ, ನಮ್ಮ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಹೇಗೋ ಹಾಗೆ. ಪಿನ್ನು ಸರಿಯಾಗಿ ಮುಚ್ಚದಿದ್ದರೆ ಪೆಟ್ರೋಲ್ ಏರುತ್ತಲೇ ಹೋಗುತ್ತದೆ. ಆಗ ಅದು ಹೊರಗೆ ಹೋಗಲಿ ಅಂತಲೇ ಕಪ್ಪಿನೊಳಗೆ ಒಂದು ಸಣ್ಣ ಹಿತ್ತಾಳೆ ಕೊಳವೆಯನ್ನು ನಿಲ್ಲಿಸಿರುತ್ತಾರೆ, ಅದರ ಬಾಯಿಯವರೆಗೆ ಬಂದ ಪೆಟ್ರೋಲ್ ಅದರಲ್ಲಿಳಿದು ಓವರ್‌ಫ್ಲೋ ಪೈಪಿನಿಂದ ನೆಲಕ್ಕೆ ಸುರಿಯುತ್ತದೆ. ಈ ದಾರಿಯನ್ನು ಮುಚ್ಚಿದರೆ ಪೆಟ್ರೋಲ್ ಮಾಯವಾಗುವುದಿಲ್ಲ, ಎಂಜಿನ್ನಿನೊಳಗೆ ಇಳಿಯುತ್ತದೆ. ಅಲ್ಲಿಂದ ಪಿಸ್ಟನ್ ರಿಂಗ್ ಸಂದಿಯಲ್ಲಿ ಜಾರಿ ಆಯಿಲಿಗೆ ಸೇರುತ್ತದೆ. ಆ ಆಯಿಲಿನಲ್ಲಿ ಓಡಿಸಿದರೆ ಬೇರಿಂಗ್ ಸವೆಯುತ್ತದೆ. ಸಿಲಿಂಡರ್ ತುಂಬಿದ್ದಾಗ ಸೆಲ್ಫ್ ಹೊಡೆದರಂತೂ ಕನೆಕ್ಟಿಂಗ್ ರಾಡೇ ಬಾಗಬಹುದು. ಅದಕ್ಕೇ ಹೇಳುವುದು, ಸೋರಿದ ಗಾಡಿಯನ್ನು ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಕಡ್ಡಿ ತೆಗೆದು ಮೂಸಿ ನೋಡಿ. ವಾಸನೆ ಬಂದರೆ ಸ್ಟಾರ್ಟ್ ಮಾಡಲೇಬೇಡಿ, ಮೊದಲು ಸೋರುವುದನ್ನು ಸರಿ ಮಾಡಿ, ಆಮೇಲೆ ಹೊಸ ಆಯಿಲ್ ಹಾಕಿ.

ಸರಿ, ಎಲ್ಲಿಂದ ಸೋರುತ್ತಿದೆ? ಬಿಚ್ಚುವ ಮೊದಲು ಇದನ್ನು ನೋಡಬೇಕು. ಬಟ್ಟೆಯಿಂದ ಕಾರ್ಬೋರೇಟರನ್ನು ಪೂರ್ತಿ ಒರೆಸಿ, ಕಾಕ್ ತೆರೆದು, ಸುಮ್ನೆ ಕೂತು ನೋಡಿ. ಪೆಟ್ರೋಲ್ ಪೈಪಿನ ಬುಡ ಒದ್ದೆಯಾದರೆ ಪೈಪು ಒಡೆದಿದೆ ಅಥವಾ ಕ್ಲಿಪ್ಪು ಸಡಿಲ. ಕಪ್ಪಿನ ಅಂಚು ಸುತ್ತ ಜಿನುಗಿದರೆ ರಬ್ಬರ್ ಗ್ಯಾಸ್ಕೆಟ್. ಕಪ್ಪನ್ನು ಖಾಲಿ ಮಾಡಲು ಕೆಳಗಿರುವ ಡ್ರೈನ್ ಸ್ಕ್ರೂ ಸರಿಯಾಗಿ ಕೂರದಿದ್ದರೂ ಓವರ್‌ಫ್ಲೋ ಪೈಪಿನಿಂದಲೇ ಬರುತ್ತದೆ, ಅದನ್ನೊಮ್ಮೆ ಬಿಗಿ ಮಾಡಿ. ಗಾಡಿ ಇಳಿಜಾರಿನಲ್ಲಿ ನಿಂತಿದ್ದರೆ ಕಪ್ಪು ವಾಲಿದ್ದಕ್ಕೇ ಸೋರಬಹುದು, ನಮ್ಮ ಕಡೆ ಸಮ ಜಾಗ ಎಲ್ಲಿದೆ ಹೇಳಿ! ಇದೆಲ್ಲ ನೋಡಿದ ಮೇಲೂ ಓವರ್‌ಫ್ಲೋ ಪೈಪಿನಿಂದ ಬರುತ್ತಿದ್ದರೆ ಪಿನ್ನು ಮತ್ತು ಫ್ಲೋಟಿನ ಕಡೆ ಹೋಗಬೇಕು.

ಎಂಜಿನ್ ತಣ್ಣಗಾದ ಮೇಲೆ ಹೊರಗಡೆ ಗಾಳಿಯಲ್ಲಿ ಬಿಚ್ಚಿದೆ. ಕಪ್ಪಿನ ತಳದಲ್ಲಿ ಕಾಫಿ ಚರಟದ ಹಾಗೆ ಕೆಂಪು ಪುಡಿ ಕೂತಿತ್ತು. ತುಕ್ಕು. ಅರ್ಧ ಖಾಲಿ ಟ್ಯಾಂಕು ನಮ್ಮ ಮಳೆಗಾಲದ ಥಂಡಿಯಲ್ಲಿ ಒಳಗೊಳಗೇ ಬೆವರುತ್ತದೆ, ಜೊತೆಗೆ ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ಎಥನಾಲ್, ಅದು ನೀರಿನ ಪಸೆಯನ್ನು ಎಳೆದುಕೊಳ್ಳುತ್ತದೆ. ಪಿನ್ನಿನ ರಬ್ಬರ್ ತುದಿಯನ್ನು ಬಿಸಿಲಿಗೆ ಹಿಡಿದಾಗ ಸುತ್ತಲೂ ಉಗುರಿನಲ್ಲಿ ಗೀರಿದಂಥ ಒಂದು ಗೆರೆ ಕಂಡಿತು. ಬೆರಳಿನ ಉಗುರು ಆ ಗೆರೆಗೆ ಸಿಕ್ಕಿಕೊಳ್ಳುತ್ತಿತ್ತು. ಅಷ್ಟು ಸಾಕು, ಆ ಪಿನ್ನು ಮುಗಿಯಿತು.

ಹೊಸ ಪಿನ್ನು ಹಾಕಿದೆ. ಮತ್ತೆ ಸೋರಿತು! ತುಂಬಾ ಬೇಜಾರಾಯಿತು. ಎರಡನೇ ಸಲ ಬಿಚ್ಚಿದಾಗ ತಿಳಿದದ್ದು, ಪಿನ್ನು ಕೂರುವ ಹಿತ್ತಾಳೆ ಸೀಟನ್ನು ನಾನು ಒರೆಸಿಯೇ ಇರಲಿಲ್ಲ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಸ್ವಲ್ಪ ಹಿತ್ತಾಳೆ ಪಾಲಿಶ್ ಹಚ್ಚಿ ಒಳಗೆ ತಿರುಗಿಸಿದೆ, ಕಡ್ಡಿ ಕರ್ರಗಾಯಿತು. ಹೊಳೆಯುವವರೆಗೆ ನಾಲ್ಕೈದು ಕಡ್ಡಿ ಬೇಕಾಯಿತು. ಕ್ಲೀನರ್ ಹೊಡೆದು ಪಾಲಿಶ್ ಪೂರ್ತಿ ತೊಳೆದೆ. ಉಪ್ಪುಕಾಗದ ಮಾತ್ರ ಬೇಡ, ಸೀಟು ಹಾಳಾಗುತ್ತದೆ. ಟ್ಯಾಂಕನ್ನೂ ಬಿಚ್ಚಿ ತೊಳೆದು, ಪೈಪಿಗೆ ಒಂದು ಫಿಲ್ಟರ್ ಹಾಕಿದೆ. ಇದನ್ನು ಮಾಡದಿದ್ದರೆ ಟ್ಯಾಂಕಿನ ತುಕ್ಕು ವಾರದಲ್ಲೇ ಹೊಸ ಪಿನ್ನಿನ ಕೆಳಗೆ ಬಂದು ಕೂರುತ್ತದೆ.

ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ. ಒಳಗೆ ಗುಳಕ್ ಅಂದರೆ ತೂತಾಗಿ ಪೆಟ್ರೋಲ್ ಸೇರಿದೆ, ಅದಿನ್ನು ತೇಲುವುದಿಲ್ಲ. ಫ್ಲೋಟಿನ ಎತ್ತರ ಅಳೆಯುವಾಗ ಪಿನ್ನಿನ ತಲೆಯಲ್ಲಿರುವ ಸಣ್ಣ ಸ್ಪ್ರಿಂಗನ್ನು ಒತ್ತಬೇಡಿ, ಫ್ಲೋಟಿನ ನಾಲಿಗೆ ಪಿನ್ನಿಗೆ ಸುಮ್ನೆ ತಾಗಿರಬೇಕು. ಎಷ್ಟು ಮಿಲಿಮೀಟರ್ ಅಂತ ನಿಮ್ಮ ಗಾಡಿಯ ಪುಸ್ತಕದಲ್ಲೇ ನೋಡಿ, ಒಂದೊಂದು ಮಾದರಿಗೆ ಒಂದೊಂದು ಅಳತೆ. ಕಪ್ಪಿನ ರಬ್ಬರ್ ಪೆಟ್ರೋಲ್ ಕುಡಿದು ಊದಿಕೊಂಡು ಅಂಚಿನ ಸಂದಿಯಲ್ಲಿ ಕೂರದಿದ್ದರೆ ಎಳೆದು ತುರುಕಬೇಡಿ. ಒಂದು ರಾತ್ರಿ ಗಾಳಿಗೆ ಬಿಟ್ಟರೆ ಎಷ್ಟೋ ಸಲ ಮೊದಲಿನ ಅಳತೆಗೆ ಬರುತ್ತದೆ, ಹಾಗೂ ಬರದಿದ್ದರೆ ಹೊಸದೇ ಹಾಕಿ.

ಜೋಡಿಸಿದ ಮೇಲೆ ಡ್ರೈನ್ ಮೂತಿಗೆ ಒಂದು ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದನ್ನು ಕಪ್ಪಿನ ಪಕ್ಕ ಮೇಲಕ್ಕೆ ಹಿಡಿದು, ಡ್ರೈನ್ ಸ್ಕ್ರೂ ಸಡಿಲಿಸಿ ಕಾಕ್ ತೆರೆದೆ. ಒಳಗೆ ಎಷ್ಟಿದೆಯೋ ಟ್ಯೂಬಿನಲ್ಲೂ ಅಷ್ಟೇ ಕಾಣುತ್ತದೆ. ಪೆಟ್ರೋಲ್ ಏರಿತು, ಕಪ್ಪಿನ ಅಂಚಿಗಿಂತ ಸ್ವಲ್ಪ ಕೆಳಗೆ ಬಂದು ನಿಂತಿತು. ಅರ್ಧ ಗಂಟೆ ಬಿಟ್ಟು ನೋಡಿದರೂ ಅಲ್ಲೇ ಇತ್ತು. ಆಮೇಲೆ ಆಯಿಲ್ ಬದಲಿಸಿ, ಬೋಲ್ಟು ಬಿಸಾಕಿ, ಓವರ್‌ಫ್ಲೋ ಪೈಪನ್ನು ಸೈಲೆನ್ಸರಿನಿಂದ ದೂರಕ್ಕೆ ಇಳಿಬಿಟ್ಟೆ. ಈಗ ಸಂಜೆ ನಿಲ್ಲಿಸುವಾಗ ಕಾಕ್ ಬಂದ್ ಮಾಡುವುದನ್ನು ರೈಟರ್ ಮರೆಯುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಸೋರಿದರೆ ಕಪ್ಪಿನೊಳಗಿನ ಹಿತ್ತಾಳೆ ಕೊಳವೆಯನ್ನೇ ನೋಡಿ, ಅದು ಕೂದಲಿನಷ್ಟು ಸಣ್ಣಗೆ ಸೀಳಿರಬಹುದು, ಕಣ್ಣಿಗೆ ಕಾಣುವುದಿಲ್ಲ. ಕಪ್ಪನ್ನು ಬಿಚ್ಚಿ, ಡ್ರೈನ್ ಸ್ಕ್ರೂ ಬಿಗಿ ಮಾಡಿ, ಕೊಳವೆಯ ಬಾಯಿಗಿಂತ ಸ್ವಲ್ಪ ಕೆಳಗಿನವರೆಗೆ ಪೆಟ್ರೋಲ್ ತುಂಬಿ ಒಂದು ಪೇಪರ್ ಮೇಲೆ ಹಿಡಿಯಿರಿ. ಕೊಳವೆಯ ತುದಿಯಿಂದ ಪೇಪರ್ ಮೇಲೆ ಒಂದು ಹನಿ ಬಿದ್ದರೂ ಆ ಕಪ್ಪನ್ನು ಬದಲಿಸಬೇಕು.