ಹಳೇ ಲ್ಯಾಪ್‌ಟಾಪಿಗೆ ವೈಫೈ ಹುಡುಕಾಟ: ಮೂರನೇ ವಾರ

ತಂಗಿ ಓದಾಕಂತ 2013ರ ಹಳೇ ಲ್ಯಾಪ್‌ಟಾಪ್ ಒಂದನ್ನ ರೆಡಿ ಮಾಡಾಕತ್ತೀನಿ, ಎಸ್‌ಎಸ್‌ಡಿ ಹಾಕಿದ್ದು, 8 ಜಿಬಿ ರ‍್ಯಾಮ್ ಹಾಕಿದ್ದು, ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ 21 ಹಾಕಿದ್ದು ಎಲ್ಲಾ ಆತು, ಉಳಿದಿದ್ದು ವೈಫೈ ಒಂದ. ಇದೊಂದಕ್ಕ ಇಷ್ಟು ದಿನ ಹಿಡಿತೈತಿ ಅಂತ ಅನ್ಕೊಂಡಿರಲಿಲ್ಲ.

ಗಂಗಾವತಿಯಾಗ ನಮ್ಮದು ಅಜ್ಜನ ಕಾಲದ ಮನಿ, ಕಲ್ಲಿನ ಗೋಡಿ, ಒಂದೂವರಿ ಅಡಿ ದಪ್ಪ. ರೂಟರ್ ಪಡಸಾಲ್ಯಾಗ ಐತಿ, ತಂಗಿ ಓದೋ ಖೋಲಿ ಹಿಂದ, ನಡುವೆ ಎರಡು ಗೋಡಿ. ವೈಫೈನ ಎರಡು ಬ್ಯಾಂಡಿನ್ಯಾಗ 5 ಗಿಗಾಹರ್ಟ್ಸ್ ಅಲ್ಲಿಗೆ ಮುಟ್ಟೋದೇ ಇಲ್ಲ, ನನ್ನ ಫೋನಿನ್ಯಾಗ ನೋಡಿದ್ರೂ ಒಂದ್ ಕಡ್ಡಿ ಬಂದು ಹೋಗ್ತೈತಿ. ಅಂದ್ರ 2.4 ಗಿಗಾಹರ್ಟ್ಸೇ ಗತಿ. ಲ್ಯಾಪ್‌ಟಾಪಿನ್ಯಾಗ ಮೊದಲಿಂದ ಇದ್ದ ಕಾರ್ಡಿಗೆ ಒಂದ ಆಂಟೆನಾ, ಸಿಗ್ನಲ್ ಮೈನಸ್ 79 ಡಿಬಿಎಂ (ಸೊನ್ನಿಗೆ ಹತ್ರ ಇದ್ದಷ್ಟೂ ಜೋರು), ಆನ್‌ಲೈನ್ ಕ್ಲಾಸ್ ನಡದಾಗ ಮೇಷ್ಟ್ರ ಮುಖ ನಿಂತು ಬಿಡ್ತಿತ್ತು. ಅಂಥಾ ಕಾರ್ಡಿನ ಮ್ಯಾಲೆ 150 ಎಂಬಿಪಿಎಸ್ ಅಂತ ಬರದಿರ್ತಾರ, ಅದು 40 ಮೆಗಾಹರ್ಟ್ಸ್ ಅಗಲದ ಚಾನಲ್ ಸಿಕ್ರ ಮಾತ್ರ, ಅಕ್ಕಪಕ್ಕದ ಮನಿ ರೂಟರ್‌ಗಳ ನಡುವೆ 20ಕ್ಕ ಇಳಿದ್ರ ಜಾಸ್ತಿ ಅಂದ್ರ 72, ಅದೂ ಎದುರಿಗೆ ಕುಂತ್ರ.

ಅಂಗಡಿಗೆ ಹೋದ್ರ ಅಲ್ಲಿಯವ್ರು ಇಂಟೆಲ್‌ನ ಎಎಕ್ಸ್201 ವೈಫೈ ಕಾರ್ಡ್ ತೋರಿಸಿದ್ರು, ಕಡಿಮಿ ರೇಟಿಗೆ ವೈಫೈ 6 ಅಂತ. ಅದನ್ನ ತಗೊಂಡು ಮೋಸ ಹೋಗಬ್ಯಾಡ್ರಿ. ಅದು ಸಿಎನ್‌ವಿಐ ಕಾರ್ಡ್, ಅದರ ಅರ್ಧ ಕೆಲಸ ಇಂಟೆಲ್ ಚಿಪ್‌ಸೆಟ್ ಒಳಗ ಇರ್ತೈತಿ, ಅದಕ್ಕ ಹೊಂದೋ ಇಂಟೆಲ್ ಬೋರ್ಡ್ ಇಲ್ಲಂದ್ರ ಕಾರ್ಡ್ ಕುಂತ್ರೂ ಏಳೋದಿಲ್ಲ, ಎಎಂಡಿ ಪ್ರೊಸೆಸರಿನ ಲ್ಯಾಪ್‌ಟಾಪಿಗಂತೂ ಬ್ಯಾಡೇ ಬ್ಯಾಡ. ಎಎಕ್ಸ್200, ಎಎಕ್ಸ್210 ಮಾಮೂಲಿ ಪಿಸಿಐ ಎಕ್ಸ್‌ಪ್ರೆಸ್ ಮ್ಯಾಲೆ ನಡಿತಾವ, ಆದ್ರ ಅವು ಎಂ.2 ಸೈಜು, ನನ್ನದ್ರಾಗ ಇರೋದು ಹಳೇ ಹಾಫ್ ಮಿನಿ ಕಾರ್ಡ್ ಸ್ಲಾಟು. ಹಂಗಾಗಿ ಇಂಟೆಲ್ 7260ರ ಹಾಫ್ ಮಿನಿ ಕಾರ್ಡು ಸೆಕೆಂಡ್ ಹ್ಯಾಂಡ್ ತರಿಸಿದೆ, ಎರಡು ಆಂಟೆನಾ, ಬ್ಲೂಟೂತ್ ಬ್ಯಾರೆ.

ಶನಿವಾರ ಬಿಚ್ಚಿದೆ. ಕೀಬೋರ್ಡ್ ಎತ್ತಿದ ಕೂಡ್ಲೇ ಒಳಗೆಲ್ಲಾ ಹಳದಿ ಬಣ್ಣದ ನುಣ್ಣನ ಧೂಳು, ನಮ್ಮ ಓಣಿ ಹಿಂದ ಅಕ್ಕಿ ಗಿರಣಿ ಐತಲ್ಲ, ಭತ್ತದ ಹೊಟ್ಟಿನ ಧೂಳು ಫ್ಯಾನಿನ ಬಾಯಾಗ ಕಂಬಳಿ ಹಂಗ ಕುಂತಿತ್ತು. ಅದನ್ನ ಬ್ರಷ್‌ನಿಂದ ತಗಿಯಾಕ ಅರ್ಧ ತಾಸು. ಆಮ್ಯಾಲೆ ಆಂಟೆನಾ ವೈರ್, ಒಂದು ಕರಿ ಒಂದು ಬಿಳಿ (ಸ್ಕ್ರೀನಿನ್ಯಾಗ ಎರಡೂ ಮೊದಲಿಂದ ಇದ್ದವು, ಕರಿ ಅಷ್ಟ ಹಚ್ಚಿದ್ರು), ಅವುಗಳ ತುದಿ ಜೋಳದ ಕಾಳಿಗಿಂತ ಸಣ್ಣದು, ಎಳೆದು ತಗಿಯಂಗಿಲ್ಲ, ಉಗುರಿನಿಂದ ಮ್ಯಾಲಕ್ಕ ಎಬ್ಬಿಸಬೇಕು, ಕೂಡ್ಸುವಾಗ ನೆಟ್ಟಗ ಇಟ್ಟು ಒತ್ತಿದ್ರ ಟಕ್ ಅಂತೈತಿ. ಎಂ.2 ಕಾರ್ಡಿಗೆ ಇದಕ್ಕಿಂತ ಸಣ್ಣ ಕನೆಕ್ಟರ್ ಬರ್ತೈತಿ, ಹಳೇ ವೈರ್ ಅದಕ್ಕ ಕೂಡಂಗಿಲ್ಲ.

ಎಲ್ಲಾ ಮುಚ್ಚಿ ಆನ್ ಮಾಡಿದೆ. ಕರಿ ಸ್ಕ್ರೀನ್, ಈ ವೈರ್‌ಲೆಸ್ ಕಾರ್ಡಿಗೆ ಅನುಮತಿ ಇಲ್ಲ, ತಗೀರಿ ಅಂತ ಮೆಸೇಜು, ಮುಂದ ಹೋಗ್ಲೇ ಇಲ್ಲ. ಲ್ಯಾಪ್‌ಟಾಪ್ ಕಂಪನಿಯವ್ರು ಬಯಾಸ್ (ಮಷೀನು ಚಾಲೂ ಆಗುವಾಗ ಮೊದಲು ಓಡೋ ಪ್ರೋಗ್ರಾಮು) ಒಳಗ ಒಂದು ಪಟ್ಟಿ ಇಟ್ಟಾರ, ಪಟ್ಟ್ಯಾಗ ಇಲ್ಲದ ಕಾರ್ಡ್ ಹಾಕಿದ್ರ ಮಷೀನು ಬೂಟೇ ಆಗಂಗಿಲ್ಲ. ರೊಕ್ಕ ಕೊಟ್ಟು ತಗೊಂಡ ಮಷೀನಿನ್ಯಾಗ ಯಾವ ಕಾರ್ಡ್ ಹಾಕಬೇಕು ಅನ್ನೋದನ್ನ ಅವ್ರು ಹೇಳ್ತಾರ ಅಂದ್ರ ನನಗ ನಿಜವಾಗ್ಲೂ ಸಿಟ್ಟು ಬಂತು. ಬಯಾಸ್ ತಿದ್ದೋ ದಾರಿ ಐತಿ, ಆದ್ರ ತಂಗಿಗೆ ಪರೀಕ್ಷೆ ಹತ್ರ ಬಂದೈತಿ, ಬೋರ್ಡ್ ಸತ್ತ್ರ ಏನ್ ಮಾಡೋದು, ಬ್ಯಾಡಂತ ಬಿಟ್ಟೆ. ಹಳೇ ಕಾರ್ಡನ್ನ ವಾಪಸ್ ಕೂಡ್ಸಿದೆ.

ಕೊನೀಗೆ ಯುಎಸ್‌ಬಿಗೆ ಚುಚ್ಚೋ ವೈಫೈ ಅಡಾಪ್ಟರ್. ಇಲ್ಲಿ ನೋಡಬೇಕಾದ್ದು ಡಬ್ಬಿ ಮ್ಯಾಲಿನ ಸ್ಪೀಡಲ್ಲ, ಒಳಗಿನ ಚಿಪ್ಪು. ರಿಯಲ್‌ಟೆಕ್ 8812ಎಯು ಇರೋವು ಭಾಳ ಸಿಗ್ತಾವ, ಆದ್ರ ಮಿಂಟ್ 21 ಜೊತಿ ಬರೋ 5.15 ಕರ್ನಲಿನ್ಯಾಗ (ಲಿನಕ್ಸಿನ ತಿರುಳು) ಅದನ್ನ ನಡೆಸೋ ಡ್ರೈವರ್ ಇಲ್ಲ, ಹೊರಗಿಂದ ತಂದು ಹಾಕಬೇಕು, ಕರ್ನಲ್ ಅಪ್‌ಡೇಟ್ ಆದಾಗ ಅದು ಮುರಿದ್ರ ತಂಗಿಗೆ ರಿಪೇರಿ ಆಗಂಗಿಲ್ಲ. ಮೀಡಿಯಾಟೆಕ್ 7612ಯು ಡ್ರೈವರ್ 4.19ರಿಂದನೇ ಕರ್ನಲ್ ಒಳಗ ಐತಿ. ಅದನ್ನ ತಗೊಂಡೆ, ಎರಡು ಆಂಟೆನಾದ್ದು, ಚುಚ್ಚಿದ ಕೂಡ್ಲೇ ವೈಫೈ ಲಿಸ್ಟ್ ಬಂತು, ಏನೂ ಇನ್‌ಸ್ಟಾಲ್ ಮಾಡ್ಲಿಲ್ಲ, ಆ ಖುಷಿ ಹೇಳಾಕ ಬರಂಗಿಲ್ಲ.

ಆದ್ರ ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿಗೆ ಹಾಕಿ, ಮಗ್ಗಲಿಗೆ ಹಾರ್ಡ್‌ಡಿಸ್ಕ್ ಹಚ್ಚಿದ್ರ ಸಿಗ್ನಲ್ ಕುಸಿತಿತ್ತು. ಯುಎಸ್‌ಬಿ 3 ಓಡುವಾಗ 2.4 ಗಿಗಾಹರ್ಟ್ಸ್ ಹತ್ರನೇ ಗದ್ದಲ ಮಾಡ್ತೈತಿ, ಇಂಟೆಲ್‌ನವ್ರೇ 2012ರಾಗ ಇದರ ಬಗ್ಗೆ ಬರದಾರ. ಯುಎಸ್‌ಬಿ 2 ಪೋರ್ಟಿಗೆ ಎರಡು ಮೀಟರ್ ಎಕ್ಸ್‌ಟೆನ್ಷನ್ ಹಾಕಿ, ಬಾಗಲ ಮಗ್ಗಲಿನ ದೀಪದ ಮಾಡದಾಗ ಆಂಟೆನಾ ನೆಟ್ಟಗ ನಿಲ್ಲಿಸಿದೆ, ರೂಟರ್ ಚಾನಲ್ಲನ್ನ 6ರಿಂದ 11ಕ್ಕ ಬದಲಿಸಿದೆ. ಈಗ ಮೈನಸ್ 62. ಹತ್ತು ಡಿಬಿ ಏರಿದ್ರ ಸಿಗ್ನಲ್ ಶಕ್ತಿ ಹತ್ತು ಪಟ್ಟು ಅಂತ ಲೆಕ್ಕ, 17 ಡಿಬಿ ಅಂದ್ರ ಐವತ್ತು ಪಟ್ಟು. ಸ್ಪೀಡ್ ಅಳಿಯೋ ಐಪರ್ಫ್ ಪ್ರೋಗ್ರಾಮಿನ್ಯಾಗ 9 ಇದ್ದದ್ದು 58 ಎಂಬಿಪಿಎಸ್ ಆಗೈತಿ. ಹಳೇ ಕಾರ್ಡೂ ತಾನ ಕನೆಕ್ಟ್ ಆಗ್ತಿತ್ತು, ಅದನ್ನ ಆಫ್ ಮಾಡೀನಿ.

ನಿನ್ನೆ ಸಂಜಿ ಒಂದೂವರಿ ತಾಸು ಕ್ಲಾಸು ಒಂದ್ ಸಲನೂ ನಿಲ್ಲಲಿಲ್ಲ. ಕೇಬಲ್ ಮಾತ್ರ ಅಕಿ ಕಾಲಿಗೆ ಸಿಕ್ಕೊಳ್ತೈತಿ, ಭಾನುವಾರ ಗೋಡಿ ಗುಂಟ ಕ್ಲಿಪ್ ಹೊಡೀಬೇಕು, ಕಲ್ಲಿಗೆ ಮೊಳಿ ಇಳಿಯಂಗಿಲ್ಲ, ಬಾಗಲ ಚೌಕಟ್ಟಿನ ಕಟ್ಟಗಿಗೇ ಹೊಡೀತೀನಿ.